ಗಂಡು ಹೂವು ಬೆನಕನಿಗೆ

ನಮ್ಮ ಮನೆಯ ಟೆರೇಸ್ ಬಾಗಿಲ ಹಿಂದೆ, ಮೊಳೆಗೆ ದಾರ ಕಟ್ಟಿ ನೇತುಹಾಕಿದ ಒಂದು ಬ್ರಷ್ಷಿದೆ. ಮಕ್ಕಳು ವಾಟರ್ ಕಲರ್‌ಗೆ ಬಳಸುತ್ತಾರಲ್ಲ, ಅಂಥ ಸಣ್ಣ ಬ್ರಷ್ಷು. ಬಟ್ಟೆ ಒಣಹಾಕಲು, ಹಪ್ಪಳ ಹರವಲು ಮೇಲೆ ಬಂದವರ ಕಣ್ಣಿಗೆಲ್ಲ ಅದು ಬೀಳುತ್ತದೆ. ನಿವೃತ್ತಿಯಾದ ಮೇಲೆ ನಾನು ಚಿತ್ರ ಬರೆಯಲು ಕುಳಿತಿದ್ದೇನೆಂದು ಕೆಲವರು ತಿಳಿದುಕೊಂಡಿದ್ದಾರೆ. ನೆಂಟರೊಬ್ಬರು ತಂಜಾವೂರು ಶೈಲಿಯೋ ಮೈಸೂರು ಶೈಲಿಯೋ ಎಂದು ವಿಚಾರಿಸಿದರು. ಎರಡೂ ಅಲ್ಲ, ಕುಂಬಳಕಾಯಿ ಶೈಲಿ ಎಂದೆ. ಅವರು ಗೊತ್ತಿದ್ದವರಂತೆ ತಲೆದೂಗಿ, ಕಾಫಿ ಕುಡಿದು ಹೋದರು.

ನಿಜ ಹೇಳಬೇಕೆಂದರೆ ಆ ಬ್ರಷ್ ಹಿಡಿದು ನಾನು ಮೂರು ವಾರ ಜೇನುಹುಳುವಿನ ಕೆಲಸ ಮಾಡಿದ್ದೇನೆ. ಹಂಗಾಮಿ ನೇಮಕ, ಸಂಬಳವಿಲ್ಲ, ಮೇಲಧಿಕಾರಿ ಮನೆಯಲ್ಲೇ ಇದ್ದರು. ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆ ನನಗಿದೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಯಾಕೆಂದರೆ ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು. ಪರಾಗಸ್ಪರ್ಶದ ಪಾಠ ಬಂತೆಂದರೆ ನನಗೆ ಹಬ್ಬ. ಮನೆಯಿಂದಲೇ ಬಣ್ಣದ ಸೀಮೆಸುಣ್ಣ ಒಯ್ಯುತ್ತಿದ್ದೆ. ಗುಲಾಬಿ ಬಣ್ಣದಲ್ಲಿ ದಳ, ಹಸಿರಿನಲ್ಲಿ ಪುಷ್ಪಪಾತ್ರೆ, ಹಳದಿಯಲ್ಲಿ ಪರಾಗ. ಕೊನೆಗೆ ಹೂವಿನ ಕಡೆಗೆ ಮುಖಮಾಡಿದ ಒಂದು ಜೇನು. ಒಂದು ಸಲ ಹಿಂದಿನ ಬೆಂಚಿನ ಹುಡುಗಿ ಎದ್ದುನಿಂತು, ಮಿಸ್ ಅದು ನೊಣ ಅಲ್ವಾ ಎಂದು ಕೇಳಿದಳು. ಕೂತ್ಕೋ ಎಂದೆ. ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ವೇಳೆಗೆ ನಾನು ಜೇನನ್ನು ಹತ್ತಿರದಿಂದ ನೋಡಿ ಬಹಳ ವರ್ಷಗಳಾಗಿದ್ದವು, ನೊಣವನ್ನು ದಿನಾ ನೋಡುತ್ತಿದ್ದೆ.

ಹತ್ತಿರದಿಂದ ನೋಡುವ ಅವಕಾಶ ಇರಲಿಲ್ಲವೆಂದಲ್ಲ. ಅದೇ ಶಾಲೆಯ ಮೂರನೇ ಮಹಡಿಯ ಸಜ್ಜದ ಕೆಳಗೆ ಒಂದು ವರ್ಷ ಹೆಜ್ಜೇನು ಗೂಡು ಕಟ್ಟಿತ್ತು. ಮಕ್ಕಳ ತಂದೆತಾಯಿಯರಿಗೆ ದಿಗಿಲು. ಅದನ್ನು ತೆಗೆಸಲು ಆಡಳಿತ ಮಂಡಳಿಗೆ ಒಂದು ಅರ್ಜಿ ಬರೆಯಬೇಕಾಗಿತ್ತು. ನನ್ನ ಭಾಷೆ ಚೆನ್ನಾಗಿದೆ ಎಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ‘ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಸದರಿ ಜೇನುಗೂಡನ್ನು ತುರ್ತಾಗಿ ತೆರವುಗೊಳಿಸಬೇಕೆಂದು’ ಎಂದು ಆರಂಭಿಸಿ ಒಂದೂವರೆ ಪುಟ ಬರೆದೆ. ಯಾರೋ ಬಂದು ಹೊಗೆಯೋ ಔಷಧಿಯೋ ಹಾಕಿ ಹೋದರು. ಮಾರನೆಯ ಬೆಳಿಗ್ಗೆ ಅಂಗಳದ ತುಂಬ ಸತ್ತ ಹುಳುಗಳು. ಆಯಾ ಅವನ್ನು ಪೊರಕೆಯಲ್ಲಿ ಗುಡಿಸಿ ಮೊರದಲ್ಲಿ ತುಂಬಿಕೊಂಡು ಹೋದಳು. ಆವತ್ತು ಮೂರನೇ ಪೀರಿಯಡ್ಡು ಎಂಟನೇ ತರಗತಿಗೆ ನನ್ನ ಪರಾಗಸ್ಪರ್ಶದ ಪಾಠವಿತ್ತು. ಪಾಠ ಚೆನ್ನಾಗಿಯೇ ಆಯಿತು. ಈಗ ನೆನಪಾದರೆ ನಾಚಿಕೆಯಾಗುತ್ತದೆ, ಆವತ್ತು ಆಗಲಿಲ್ಲ.

ಚಿಕ್ಕವಳಿದ್ದಾಗ ಹೀಗಿರಲಿಲ್ಲ. ನಾವಿದ್ದದ್ದೂ ರಾಜಾಜಿನಗರದಲ್ಲೇ, ಸಾಲಾಗಿ ಕಟ್ಟಿದ ಸಣ್ಣ ಮನೆಗಳಲ್ಲಿ. ಮನೆ ಮುಂದೆ ಒಂದು ಹೊಂಗೆ ಮರ. ಅದು ಹೂ ಬಿಟ್ಟ ಹೊತ್ತಿನಲ್ಲಿ ಕೆಳಗೆ ನಿಂತರೆ ಎರಡು ಬೀದಿಯಾಚೆ ಹಿಟ್ಟಿನ ಗಿರಣಿ ಓಡುತ್ತಿರುವಂತೆ ಸದ್ದು ಕೇಳುತ್ತಿತ್ತು. ಉದುರಿದ ಹೂವಿನ ಮೇಲೆ ಬರಿಗಾಲಲ್ಲಿ ನಡೆದರೆ ಚಟಪಟ ಎನ್ನುತ್ತಿತ್ತು. ಹಿತ್ತಲಿನ ಬಾಳೆಗೊನೆಯ ಹೂವಿನ ಬುಡ ಹೀರಿ ಸಿಹಿ ಕುಡಿಯಲು ನನಗೂ ನನ್ನ ತಮ್ಮನಿಗೂ ಜಗಳವಾಗುತ್ತಿತ್ತು. ಒಂದು ಬೆಳಿಗ್ಗೆ ನಮಗಿಂತ ಮೊದಲು ಅಲ್ಲಿ ಬೇರೆ ಗಿರಾಕಿ ಬಂದಿದ್ದ. ನಾನು ಹೂವನ್ನು ಮುಖದ ಹತ್ತಿರ ತಂದದ್ದೇ ತಡ, ಎಡಗಣ್ಣಿನ ರೆಪ್ಪೆಗೆ ಕುಟುಕಿದ. ಅಜ್ಜಿ ಸುಣ್ಣ ಹಚ್ಚಿದರು. ಅದೇ ದಿನ ಶಾಲೆಯಲ್ಲಿ ಗ್ರೂಪ್ ಫೋಟೋ. ಆ ಫೋಟೋ ಈಗಲೂ ಇದೆ. ಎರಡನೇ ಸಾಲಿನಲ್ಲಿ ನಿಂತ ನಾನು ಫೋಟೋ ತೆಗೆಯುವವನಿಗೆ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಅದನ್ನು ನೋಡಿ, ಫೋಟೋ ತೆಗೆದವನು ಯಾರು ಎಂದು ವಿಚಾರಿಸಿದರು.

ಮದುವೆಯಾಗಿ ಬಂದದ್ದು ಹೊಸಹಳ್ಳಿಯ ಒಕ್ಕಲು ಮನೆತನಕ್ಕೆ. ಆ ಹೊತ್ತಿಗೆ ಹೊಲ ಹೋಗಿ ಸೈಟುಗಳಾಗಿದ್ದವು. ಯಜಮಾನರು ಆಫೀಸಿಗೆ ಹೋಗುವವರಾಗಿದ್ದರು. ಈಗ ನಾವಿರುವುದು ಅತ್ತಿಗುಪ್ಪೆಯಲ್ಲಿ, ಮೆಟ್ರೋ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ. ನಮ್ಮತ್ತೆಗೆ ಎಂಬತ್ತು ದಾಟಿದೆ. ಹೊಸಹಳ್ಳಿಯ ಕಡೆ ಹೋದಾಗೆಲ್ಲ ಮೇಲೆ ಓಡುವ ರೈಲನ್ನು ತೋರಿಸಿ, ಅದು ಹೋಗ್ತಿರೋದು ನಮ್ಮ ಹುರುಳಿ ಹೊಲದ ಮೇಲೆ ಎಂದು ಹೇಳುತ್ತಾರೆ. ದುಃಖದಿಂದ ಹೇಳುತ್ತಾರೆ ಅಂದುಕೊಳ್ಳಬೇಡಿ. ಹೊಲಕ್ಕೆ ಬಡ್ತಿ ಸಿಕ್ಕಿದೆ ಎಂಬ ಧಾಟಿ ಅವರದು.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದನ್ನು ಬಿಟ್ಟರೆ ತಪ್ಪಾಗುತ್ತದೆ. ನಾನೊಬ್ಬಳು ಹೂಗಳ್ಳಿ.

ನಮ್ಮ ಬಡಾವಣೆಯಲ್ಲಿ ಇದು ಬೈಗುಳವಲ್ಲ, ದಿನಚರಿ. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಡುವ ಹೆಂಗಸರ ಕೈಗಳನ್ನು ಗಮನಿಸಿ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಹಿಡಿ ಬಾಗಿದ ಊರುಗೋಲು. ಊರುಗೋಲು ಮಂಡಿನೋವಿಗಲ್ಲ, ಎತ್ತರದ ಕೊಂಬೆ ಬಗ್ಗಿಸಲಿಕ್ಕೆ. ನನ್ನ ಜೊತೆಗಾತಿ ಪಕ್ಕದ ಮನೆಯ ಸರೋಜಮ್ಮ. ನಮ್ಮ ಕಸುಬಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ಗೇಟು ತೆಗೆಯುವಂತಿಲ್ಲ. ಕಾಂಪೌಂಡಿನಿಂದ ಆಚೆ ಚಾಚಿದ ಕೊಂಬೆ ಮಾತ್ರ ಸಾರ್ವಜನಿಕ ಆಸ್ತಿ. ಮೊಗ್ಗು ಕೀಳಬಾರದು, ಆದರೆ ಅರ್ಧ ಬಿರಿದದ್ದನ್ನು ಮೊಗ್ಗು ಎನ್ನುವಂತಿಲ್ಲ. ದೇವರ ಹೆಸರಿನಲ್ಲಿ ಕಿತ್ತರೆ ಕಳ್ಳತನವಲ್ಲ. ದಾಸವಾಳ, ಕಣಗಿಲೆ, ನಂದಿಬಟ್ಟಲು, ಪಾರಿಜಾತ, ಎಲ್ಲ ಆರು ಗಂಟೆಯೊಳಗೆ ನಮ್ಮ ಕವರಿಗೆ. ಆರೂವರೆಗೆ ಅವು ದೇವರ ಫೋಟೋಗಳ ಮೇಲೆ. ನಮ್ಮ ಮನೆಯಲ್ಲಿ ಫೋಟೋಗಳು ಹತ್ತೊಂಬತ್ತು, ಯಾವ ದೇವರಿಗೂ ಪಕ್ಷಪಾತ ಎನಿಸಬಾರದಲ್ಲ.

ಈ ನಡುವೆ ಪಾರ್ಕಿನ ಹಿರಿಯರ ಬಳಗದವರು ಜೇನು ಕಡಿಮೆಯಾಗುತ್ತಿರುವುದರ ಬಗ್ಗೆ ಮಾತಾಡಲು ನನ್ನನ್ನು ಕರೆದರು. ವಿಜ್ಞಾನದ ಟೀಚರ್ ಅಲ್ಲವೇ. ನಾನು ಚೆನ್ನಾಗಿಯೇ ಸಿದ್ಧಳಾಗಿ ಹೋಗಿದ್ದೆ. ಕೀಟನಾಶಕ, ಕಡಿದ ಮರಗಳು, ಕಾಂಕ್ರೀಟು, ಪೆಸ್ಟ್ ಕಂಟ್ರೋಲು, ಯಾರನ್ನೂ ಬಿಡಲಿಲ್ಲ. ಜೇನಿಲ್ಲದಿದ್ದರೆ ಕುಂಬಳ, ಸೌತೆ, ಹಾಗಲ, ಮಾವು, ಸಾಸಿವೆ ಯಾವುದೂ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ನಮ್ಮ ತಟ್ಟೆಯಲ್ಲಿ ಅನ್ನವೊಂದೇ ಉಳಿದೀತು ಎಂದಾಗ ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಹೂವು ಪ್ಲಾಸ್ಟಿಕ್ಕಿನದು. ನನಗೆ ಹಾಕಿದ ಹಾರ ಮಾತ್ರ ಅಸಲಿ, ಎರಡು ಕೆಜಿಯಾದರೂ ಇದ್ದೀತು. ನೆನಪಿನ ಕಾಣಿಕೆಯಾಗಿ ಒಂದು ಬಾಟಲಿ ಜೇನುತುಪ್ಪ ಕೊಟ್ಟರು. ಮಾರನೆಯ ಬೆಳಿಗ್ಗೆ ಐದೂವರೆಗೆ ಕವರು ಹಿಡಿದು ಹೊರಟೆ. ಸರೋಜಮ್ಮ ದಾರಿಯುದ್ದಕ್ಕೂ ನನ್ನ ಭಾಷಣವನ್ನು ಹೊಗಳುತ್ತ ದಾಸವಾಳ ಕಿತ್ತರು.

ಈಗ ಕುಂಬಳಕಾಯಿಗೆ ಬರುತ್ತೇನೆ.

ನಮ್ಮತ್ತೆಯ ಬಳಿ ಒಂದು ತಗಡಿನ ಡಬ್ಬಿ ಇದೆ. ಅದರೊಳಗೆ ಸೌದೆ ಒಲೆಯ ಬೂದಿ, ಬೂದಿಯೊಳಗೆ ಬಟ್ಟೆಯ ಗಂಟು, ಗಂಟಿನಲ್ಲಿ ಸಿಹಿಗುಂಬಳದ ಬೀಜ. ಅವರು ಮದುವೆಯಾಗಿ ಹೊಸಹಳ್ಳಿಗೆ ಬಂದಾಗ ಅವರ ತಾಯಿ ಮಡಿಲಕ್ಕಿಯ ಜೊತೆ ಹಾಕಿಕೊಟ್ಟ ಬೀಜದ ಸಂತಾನ. ಹೊಲವಿದ್ದಾಗ ಹೊಲದಲ್ಲಿ, ಹೊಲ ಹೋದ ಮೇಲೆ ತಿಪ್ಪೆಯ ಮೇಲೆ, ತಿಪ್ಪೆ ಹೋದ ಮೇಲೆ ಹಿತ್ತಲಿನಲ್ಲಿ ಪ್ರತಿವರ್ಷ ಅದನ್ನು ಬೆಳೆದು ಬೀಜ ಕಟ್ಟಿಟ್ಟವರು ಅವರು. ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಿದ್ದು ನಾವು. ಅಂದಿನಿಂದ ಡಬ್ಬಿ ಅಟ್ಟದ ಮೇಲೆ ಕುಳಿತಿತ್ತು. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಅತ್ತೆ ಅದನ್ನು ಇಳಿಸಲು ಹೇಳಿದರು. ಗಂಟು ಬಿಚ್ಚಿದರೆ ಒಂಬತ್ತು ಬೀಜ. ಬೀಜಕ್ಕೂ ವಯಸ್ಸಾಗುತ್ತದೆ, ಇನ್ನೊಂದು ವರ್ಷ ಇಟ್ಟರೆ ಮೊಳೆಯುವುದಿಲ್ಲ ಎಂದರು. ಒಂಬತ್ತನ್ನೂ ಟೆರೇಸಿನ ಮೇಲೆ ಹಳೇ ನೀರಿನ ಡ್ರಮ್ಮು ಕತ್ತರಿಸಿ ಅದರ ಮಣ್ಣಿಗೆ ಹಾಕಿದೆವು. ಎರಡು ಮೊಳೆತವು. ಒಂದನ್ನು ಪಾರಿವಾಳ ಕಿತ್ತುಹಾಕಿತು. ಉಳಿದದ್ದು ಒಂದು ಬಳ್ಳಿ.

ಅಂದರೆ ಅರವತ್ತಕ್ಕೂ ಹೆಚ್ಚು ವರ್ಷದ ವಂಶ ಒಂದು ಡ್ರಮ್ಮಿನಲ್ಲಿ ನಿಂತಿತ್ತು. ಕಾಯಿ ಬಿಟ್ಟರೆ ಬೀಜ, ಇಲ್ಲದಿದ್ದರೆ ಮುಗಿಯಿತು. ಹೋದರೆ ಹೋಗಲಿ, ಯಾರಿಗೆ ಬೇಕು ಎಂದು ಅತ್ತೆ ಬಾಯಲ್ಲಿ ಹೇಳುತ್ತಿದ್ದರು. ಮಂಡಿ ನೋವಿನಿಂದ ಅವರಿಗೆ ಮೆಟ್ಟಿಲು ಹತ್ತಲಾಗದು. ನಾನು ಮೇಲಿಂದ ಇಳಿದು ಬರುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ನಿಂತಿರುತ್ತಿದ್ದರು. ಈಚು ನಿಂತೈತಾ, ಎಂದು ದಿನಾ ಒಂದೇ ಪ್ರಶ್ನೆ. ಈಚು ಎಂದರೆ ಎಳೆಯ ಕಾಯಿ. ನನಗೂ ಆ ಬಳ್ಳಿಯ ಮೇಲೆ ಆಸೆ ಹುಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಗೆ ಒಂದು ದಿನ ಹೂಂ ಎನ್ನುವ ಆಸೆ.

ಯಜಮಾನರಿಗೆ ಇದೆಲ್ಲ ವಿನೋದ. ಕುಂಬಳಕಾಯಿ ಬೇಕಾದರೆ ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ, ಕತ್ತರಿಸಿದ್ದೇ ಬರುತ್ತದೆ ಎಂದರು. ಅತ್ತೆ ಒಮ್ಮೆ ತರಿಸಿಯೂ ನೋಡಿದರು. ಒಳಗಿನ ಬೀಜ ತೆಗೆದು ಶುದ್ಧಮಾಡಿ ಪ್ಯಾಕು ಮಾಡಿದ್ದರು. ಬೀಜಾನೇ ಎಸೆದು ಕಾಯಿ ಕಳ್ಸವ್ರೆ ಎಂದು ಅತ್ತೆ ಸಾರಿಗೆ ಹಾಕಿಸಿದರು.

ಕುಂಬಳದ ಸಂಸಾರ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಹೇಳುವ ಚಾಳಿ ಬಿಟ್ಟಿಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆ. ಮೊದಲು ಬರುವವು ಗಂಡು ಹೂವುಗಳು, ಉದ್ದ ತೊಟ್ಟಿನ ಮೇಲೆ ನಿಂತು ಎರಡು ಮೂರು ವಾರ ಸುಮ್ಮನೆ ಮೆರೆಯುತ್ತವೆ. ಆಮೇಲೆ ಹೆಣ್ಣು ಹೂವು ಬರುತ್ತದೆ, ಅದರ ಬುಡದಲ್ಲಿ ಗೋಲಿಯಷ್ಟು ಕಾಯಿ ಮೊದಲೇ ಇರುತ್ತದೆ. ಎರಡೂ ಬೆಳಗಿನ ಜಾವ ಅರಳಿ ಹತ್ತು ಗಂಟೆಗೆಲ್ಲ ಮುದುಡಿಕೊಳ್ಳುತ್ತವೆ. ಅಷ್ಟರೊಳಗೆ ಗಂಡಿನ ಪರಾಗವನ್ನು ಯಾರಾದರೂ ಹೆಣ್ಣಿಗೆ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಗೋಲಿ ಹಳದಿಗೆ ತಿರುಗಿ ಮೂರನೇ ದಿನ ಉದುರುತ್ತದೆ.

ನಮ್ಮ ಬಳ್ಳಿಯ ಹೆಣ್ಣು ಹೂವುಗಳು ಕಾಣಿಸಿಕೊಂಡದ್ದು ಧನುರ್ಮಾಸ ಶುರುವಾದಾಗ. ಮೊದಲನೆಯದು ಉದುರಿತು. ಎರಡನೆಯದು ಉದುರಿತು. ಟೆರೇಸಿನ ಮೇಲೆ ಒಂದು ಜೇನೂ ಇರಲಿಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ, ಪಾರ್ಕಿನಲ್ಲಿ ಹೇಳಿದ್ದೇ ನಿಜವಾಯಿತಲ್ಲ ಎಂಬ ಸಮಾಧಾನವೂ ಸ್ವಲ್ಪ ಆಯಿತು. ಯಜಮಾನರ ಸೊಳ್ಳೆ ಬ್ಯಾಟನ್ನು, ಎದುರು ಮನೆಯವರ ಪೆಸ್ಟ್ ಕಂಟ್ರೋಲನ್ನು, ಬೀದಿಯ ಹೊಂಗೆ ಮರದ ಕೊಂಬೆ ಕಡಿದವರನ್ನು ಬೈದೆ. ಬೈದಾದ ಮೇಲೆ ಜೇನಿನ ಕೆಲಸವನ್ನು ನಾನೇ ವಹಿಸಿಕೊಳ್ಳುವುದೆಂದು ತೀರ್ಮಾನಿಸಿ ಬ್ರಷ್ ತಂದೆ.

ಕೆಲಸದ ವೇಳೆ ಬೆಳಿಗ್ಗೆ ಎಂಟು. ಅದಕ್ಕೆ ಮುಂಚೆ ಹೂವಿನ ಬೇಟೆ, ಸ್ನಾನ, ಪೂಜೆ, ತಿಂಡಿ ಮುಗಿಯಬೇಕು. ಎಂಟಕ್ಕೆ ಕನ್ನಡಕ ಹಾಕಿಕೊಂಡು, ಬ್ರಷ್ ಹಿಡಿದು ಮೇಲೆ ಹೋಗುತ್ತಿದ್ದೆ. ಹೆಣ್ಣು ಹೂವು ಅರಳಿ ಕಾದಿರುತ್ತಿತ್ತು. ಗಂಡು ಹೂವು ಮಾತ್ರ ಇರುತ್ತಿರಲಿಲ್ಲ. ಎಂದೋ ಅರಳಿ ಒಣಗಿದ ಒಂದೆರಡರ ಒಳಗೆ ಬ್ರಷ್ ಆಡಿಸಿ ತಂದು ಹೆಣ್ಣಿಗೆ ಸವರುತ್ತಿದ್ದೆ. ಮೂರನೆಯದೂ ಉದುರಿತು, ನಾಲ್ಕನೆಯದೂ ಉದುರಿತು. ಬಳ್ಳಿಗೆ ಪೊಟ್ಯಾಷ್ ಸಾಲದೇನೋ ಎಂದು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆ. ಹವಾಮಾನ ಬದಲಾವಣೆಯಿಂದ ಗಂಡು ಹೂವುಗಳು ಕಡಿಮೆಯಾಗುತ್ತಿವೆಯೇ ಎಂದು ಮೊಬೈಲಿನಲ್ಲಿ ಹುಡುಕಿದೆ. ಆಗುತ್ತಿವೆ ಎಂದು ಬರೆದವರು ಸಿಕ್ಕಿದರು. ಏನು ಹುಡುಕಿದರೂ ಹೌದೆನ್ನುವವರು ಅಲ್ಲಿ ಸಿಗುತ್ತಾರೆ.

ಇನ್ನು ಮರೆಮಾಚುವುದು ಬೇಡ. ಗಂಡು ಹೂವುಗಳು ಎಲ್ಲಿ ಹೋಗುತ್ತಿದ್ದವು ಎಂದರೆ, ನಾನೇ ಕೀಳುತ್ತಿದ್ದೆ.

ಧನುರ್ಮಾಸದಲ್ಲಿ ನಮ್ಮ ಮನೆಯಲ್ಲಿ ಬೆನಕನನ್ನು ಇಡುವ ಪದ್ಧತಿ ಇದೆ. ಸೂರ್ಯ ಹುಟ್ಟುವ ಮೊದಲು ಬಾಗಿಲಿಗೆ ನೀರು ಹಾಕಿ, ದೊಡ್ಡ ರಂಗೋಲಿ ಬಿಟ್ಟು, ಅದರ ನಡುವೆ ಸಗಣಿಯ ಉಂಡೆ ಇಟ್ಟು ಗರಿಕೆ ಸಿಕ್ಕಿಸಿದರೆ ಅದೇ ಬೆನಕ, ಅಂದರೆ ಗಣಪ. ಅವನ ತಲೆಯ ಮೇಲೆ ಒಂದು ಕುಂಬಳದ ಹೂವು. ಎಷ್ಟೋ ವರ್ಷದಿಂದ ಅತ್ತಿಗುಪ್ಪೆಯಲ್ಲಿ ಕುಂಬಳದ ಹೂವು ಸಿಗದೆ ಚೆಂಡುಹೂವು ಇಟ್ಟು ಸುಧಾರಿಸುತ್ತಿದ್ದೆವು. ಈ ಸಲ ಮನೆಯ ಮೇಲೇ ಬಳ್ಳಿ. ಮೊದಲ ದಿನವೇ ಅತ್ತೆ ನನಗೆ ವಿವರವಾಗಿ ಹೇಳಿಕೊಟ್ಟರು. ಬುಡದಲ್ಲಿ ಕಾಯಿ ಇರುವುದನ್ನು ಮುಟ್ಟಬಾರದು, ಅದು ನಮಗೆ ಬೇಕು. ಗಂಡು ಹೂವು ಕಾಯಿ ಬಿಡುವುದಿಲ್ಲ, ಅದು ಬೆನಕನಿಗೆ. ನಾನು ತಪ್ಪದೆ ಐದೂಕಾಲಿಗೆ ಟೆರೇಸು ಹತ್ತಿ, ಆವತ್ತು ಅರಳಲು ಹೊರಟ ಒಂದೋ ಎರಡೋ ಗಂಡು ಹೂವನ್ನು ಕಿತ್ತು ತಂದುಕೊಡುತ್ತಿದ್ದೆ. ಎರಡಿದ್ದರೆ ಒಂದು ಸರೋಜಮ್ಮನ ಬೆನಕನಿಗೆ.

ಮೂವತ್ತು ವರ್ಷ ಪರಾಗಸ್ಪರ್ಶ ಕಲಿಸಿದವಳಿಗೆ ಇದು ಹೊಳೆಯಲಿಲ್ಲವೇ ಎಂದು ನೀವು ಕೇಳುವುದು ನ್ಯಾಯ. ಹೊಳೆಯಲಿಲ್ಲ. ಐದೂಕಾಲಿಗೆ ಟೆರೇಸು ಹತ್ತುವವಳು ಸೊಸೆ, ಎಂಟಕ್ಕೆ ಹತ್ತುವವಳು ವಿಜ್ಞಾನದ ಟೀಚರು. ಅವರಿಬ್ಬರೂ ಮೆಟ್ಟಿಲ ಮೇಲೆ ಒಂದು ದಿನವೂ ಎದುರಾಗಲಿಲ್ಲ.

ಧನುರ್ಮಾಸ ಮುಗಿಯಲು ನಾಲ್ಕೈದು ದಿನ ಉಳಿದಿತ್ತು. ಬಳ್ಳಿಯ ಎಲೆಗಳಿಗೆ ಬಿಳಿ ಬೂದಿರೋಗ ತಗುಲಿ ಬುಡದ ಕಡೆಯಿಂದ ಒಣಗುತ್ತ ಬಂದಿತ್ತು. ತುದಿಯಲ್ಲಿ ಕೊನೆಯದೆಂಬಂತೆ ಒಂದು ಹೆಣ್ಣು ಮೊಗ್ಗು ಇತ್ತು, ಅದು ಆವತ್ತು ಬೆಳಿಗ್ಗೆ ಅರಳುವುದಿತ್ತು. ನಾನು ಎಂದಿನಂತೆ ಗಂಡು ಹೂವನ್ನು ಕಿತ್ತು ತಂದು ಅತ್ತೆಗೆ ಕೊಟ್ಟೆ. ಇದ್ದದ್ದು ಒಂದೇ. ಸರೋಜಮ್ಮನಿಗೆ ಆವತ್ತು ಇಲ್ಲವೆಂದೆ.

ಏಳೂವರೆ ಇರಬೇಕು. ಅತ್ತೆ ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು ಬಿಸಿಲು ಕಾಯಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಇಳಿಸುತ್ತಿದ್ದೆ. ಅತ್ತೆ ಕೂಗಿದರು.

“ಶಾರದಾ, ಬಾ ಇಲ್ಲಿ. ಬೆನಕಪ್ಪನ ಮನೆಗೆ ನೆಂಟ್ರು ಬಂದವ್ರೆ.”

ಹೋಗಿ ನೋಡಿದೆ. ರಂಗೋಲಿಯ ನಡುವೆ, ಸಗಣಿ ಉಂಡೆಯ ಮೇಲಿದ್ದ ಹಳದಿ ಹೂವಿನೊಳಗೆ ಒಂದು ಜೇನು. ಕಪ್ಪು ಕಂದು ಪಟ್ಟೆಯ ಸಣ್ಣ ತುಡುವೆ ಜೇನು. ಪರಾಗದಲ್ಲಿ ಹೊರಳಿ ಹೊರಳಿ ಮೈಯೆಲ್ಲ ಹಳದಿಯಾಗಿತ್ತು. ಕಾಲುಗಳಿಗೆ ಹಳದಿ ಉಂಡೆ ಮೆತ್ತಿಕೊಂಡಿತ್ತು. ವಾರಗಟ್ಟಲೆ ಟೆರೇಸಿನಲ್ಲಿ ಕಾದರೂ ಕಾಣದಿದ್ದದ್ದು ಬೀದಿಬಾಗಿಲಿನಲ್ಲಿ ಸಗಣಿಯ ಮೇಲೆ ಕುಳಿತಿತ್ತು. ನನಗೆ ಅದೆಷ್ಟು ಸಂತೋಷವಾಯಿತೆಂದರೆ ಮೊದಲ ನಿಮಿಷ ಜೇನನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಎರಡನೆಯ ನಿಮಿಷ ಹೂವು ಕಂಡಿತು. ಹೂವಿನೊಳಗೆ ನಾನು ಅಷ್ಟು ವರ್ಷ ಹಳದಿ ಸೀಮೆಸುಣ್ಣದಲ್ಲಿ ಬರೆದ ಪರಾಗ ಕಂಡಿತು. ಸೊಸೆಯೂ ಟೀಚರೂ ಒಬ್ಬರನ್ನೊಬ್ಬರು ನೋಡಿದ್ದು ಆಗಲೇ. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಗಂಡು ಹೂವು ಕಾಯಿ ಬಿಡುವುದಿಲ್ಲ ನಿಜ, ಆದರೆ ಅದಿಲ್ಲದೆ ಹೆಣ್ಣು ಹೂವೂ ಬಿಡುವುದಿಲ್ಲ. ಊರಿನಲ್ಲಿ ಬೇಲಿ ತುಂಬ ಬಳ್ಳಿ ಇತ್ತು, ಬೆನಕನಿಗೆ ಹತ್ತು ಕಿತ್ತರೂ ನೂರು ಉಳಿಯುತ್ತಿತ್ತು. ಇಲ್ಲಿ ಇದ್ದ ಒಂದೆರಡನ್ನೂ ದಿನಾ ಕಿತ್ತು ತರುತ್ತಿದ್ದೆವು. ಅತ್ತೆ ಬೆನಕನ ಕಡೆ ನೋಡಿದರು. ಎಂಬತ್ತು ದಾಟಿದ ಮುಖ ಸಣ್ಣಗಾಯಿತು. ಅದನ್ನು ನೋಡಲಾಗಲಿಲ್ಲ ನನಗೆ.

“ಅಂಗಾರೆ ಎಲ್ಲಾನೂ ನಾನೇ ಕೀಳ್ಸಿದ್ನಾ?” ಎಂದರು.

ಕಿತ್ತವಳು ನಾನು ಎಂದೆ. ಓದಿದವಳೂ ನಾನೇ ಎಂದೆ. ಮೇಲೆ ಕೊನೆಯ ಹೆಣ್ಣು ಹೂವು ಅರಳಿ ಕುಳಿತಿದೆ, ಇನ್ನೆರಡು ಗಂಟೆಯಲ್ಲಿ ಮುದುಡಿಕೊಳ್ಳುತ್ತದೆ ಎಂದೂ ಹೇಳಿದೆ. ಇಟ್ಟ ಹೂವನ್ನು ದೇವರ ತಲೆಯಿಂದ ತೆಗೆಯುವುದು ಹೇಗೆ ಎಂದು ಕೇಳುವ ಧೈರ್ಯ ಇರಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ.

“ತಗಂಡೋಗವ್ವ,” ಎಂದರು ಅತ್ತೆ. “ಬೆನಕಪ್ಪ ಏನೂ ಅನ್ಕಳಕಿಲ್ಲ. ಅವನೂ ಅಪ್ಪ ಇಲ್ದೇ ಹುಟ್ದೋನು, ಅವನಿಗೆ ಗೊತ್ತಾಯ್ತದೆ ಕಷ್ಟ.”

ಹೂವನ್ನು ಎತ್ತಿದೆ. ಜೇನು ಏಳಲಿಲ್ಲ. ಅದು ತನ್ನ ಕೆಲಸದಲ್ಲಿ ಮುಳುಗಿತ್ತು, ನಾನು ಅದರ ಕೆಲಸಕ್ಕೆ ಸೇರಿದ ಹಂಗಾಮಿ ನೌಕರಿಯವಳು, ಇಬ್ಬರೂ ಒಟ್ಟಿಗೆ ಹೊರಟೆವು. ಜೀವಮಾನದಲ್ಲಿ ನಾನು ಮೆಟ್ಟಿಲನ್ನು ಅಷ್ಟು ಹುಷಾರಾಗಿ ಹತ್ತಿದ್ದಿಲ್ಲ. ಎಡಗಣ್ಣಿನ ರೆಪ್ಪೆ ತಾನಾಗಿ ಅದುರುತ್ತಿತ್ತು. ಮೊದಲ ಮಹಡಿಯಲ್ಲಿ ಯಜಮಾನರು ಪೇಪರಿನಿಂದ ತಲೆಯೆತ್ತಿ, ಹೂವನ್ನೂ ಹುಳುವನ್ನೂ ನೋಡಿ, ಅಭ್ಯಾಸಬಲದಿಂದ ಸೊಳ್ಳೆ ಬ್ಯಾಟಿಗೆ ಕೈಚಾಚಿದರು. ನಾನು ಅವರನ್ನು ನೋಡಿದ ನೋಟಕ್ಕೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಲವತ್ತು ವರ್ಷದ ದಾಂಪತ್ಯದಲ್ಲಿ ಅಂಥ ನೋಟವನ್ನು ನಾನು ಬಹಳ ಸಲ ಬಳಸಿಲ್ಲ.

ಟೆರೇಸಿನ ಮೇಲೆ ಹೆಣ್ಣು ಹೂವಿನ ಪಕ್ಕದಲ್ಲಿ ಹೂವನ್ನು ಹಿಡಿದೆ. ಜೇನು ಹೊರಗೆ ಬಂದು, ದಳದ ಅಂಚಿನಲ್ಲಿ ಕುಳಿತು ಮೀಸೆ ಒರೆಸಿಕೊಂಡು, ಹೆಣ್ಣು ಹೂವಿನ ಕಡೆ ತಿರುಗಿಯೂ ನೋಡದೆ ಮೆಟ್ರೋ ಕಂಬಗಳ ಕಡೆಗೆ ಹಾರಿಹೋಯಿತು. ಅಷ್ಟು ದೂರ ಹೊತ್ತು ತಂದವಳಿಗೆ ಒಂದು ಸಣ್ಣ ಉಪಕಾರವಾದರೂ ಮಾಡಬಹುದಿತ್ತು. ಉಳಿದ ಪರಾಗವನ್ನು ನಾನೇ, ಬ್ರಷ್ಷನ್ನೂ ಮರೆತು, ಹೂವಿನಿಂದ ಹೂವಿಗೆ ನೇರವಾಗಿ ಉಜ್ಜಿದೆ. ಒಂದು ಕಡೆ ಚೆನ್ನಾಗಿ ತಗುಲಿತು, ಇನ್ನೊಂದು ಕಡೆ ಅಷ್ಟಕ್ಕಷ್ಟೇ.

ಮೂರನೇ ದಿನ ಗೋಲಿ ಹಸಿರಾಗಿಯೇ ಇತ್ತು. ಐದನೇ ದಿನ ನಿಂಬೆಹಣ್ಣಿನಷ್ಟಾಯಿತು. ಕೆಳಗಿಳಿದು ಬಂದು, ಮೆಟ್ಟಿಲ ಬುಡದಲ್ಲಿ ನಿಂತಿದ್ದ ಅತ್ತೆಗೆ ಹೂಂ ಎಂದೆ. ಅವರು ಒಳಗೆ ಹೋಗಿ, ಬಟ್ಟಲಿನಲ್ಲಿ ನನಗೆ ಸ್ವಲ್ಪ ಸಕ್ಕರೆ ತಂದುಕೊಟ್ಟರು.

ಆಮೇಲೆ ನನ್ನ ವಾಕಿಂಗಿನ ವೇಳೆಯೂ ಬದಲಾಯಿತು. ಒಂದು ಬೆಳಿಗ್ಗೆ ಕವರಿನ ತುಂಬ ದಾಸವಾಳ ತಂದು ಫೋಟೋಗಳಿಗೆ ಇಡುತ್ತಿರುವಾಗ ಲೆಕ್ಕ ಹಾಕಿದೆ. ನಮ್ಮ ಬೀದಿಯ ಅಷ್ಟೂ ಹೂವು ಆರು ಗಂಟೆಗೆ ಮನೆಯೊಳಗೆ ಸೇರುತ್ತದೆ. ಜೇನು ಡ್ಯೂಟಿಗೆ ಹೊರಡುವುದು ಬಿಸಿಲು ಬಿದ್ದ ಮೇಲೆ. ಅಷ್ಟು ಹೊತ್ತಿಗೆ ಬೀದಿಯಲ್ಲಿ ಅದಕ್ಕೆ ಉಳಿದಿರುವುದು ಎಲೆ. ಕೀಟನಾಶಕದವರು, ಮರ ಕಡಿಯುವವರು ಇದ್ದೇ ಇದ್ದಾರೆ, ಅವರ ತಪ್ಪು ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಪಾರ್ಕಿನ ಭಾಷಣದಲ್ಲಿ ನಾನು ಓದಿದ ಪಟ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಕವರು ಬಿಟ್ಟುಹೋಗಿತ್ತು. ಈಗ ನಾನು ಒಂಬತ್ತಕ್ಕೆ ಹೋಗುತ್ತೇನೆ, ಹತ್ತೊಂಬತ್ತು ಫೋಟೋಗಳಿಗೆ ಹೋಗುವುದು ಮೂರೋ ನಾಲ್ಕೋ ಹೂವು. ಉಳಿದ ದೇವರುಗಳಿಗೆ ಅಕ್ಷತೆ. ಯಾವ ದೇವರೂ ಈವರೆಗೆ ತಕರಾರು ಮಾಡಿಲ್ಲ, ಸರೋಜಮ್ಮ ಮಾತ್ರ ನನಗೆ ಹುಷಾರಿಲ್ಲವೇ ಎಂದು ಎರಡು ಸಲ ವಿಚಾರಿಸಿದರು.

ಯುಗಾದಿಗೆ ಮುಂಚೆ ಕಾಯಿ ಬಲಿತು ಇಳಿಯಿತು. ಇಡೀ ಕುಂಬಳಕಾಯಿಗೆ ಮೊದಲ ಏಟನ್ನು ಗಂಡಸರೇ ಹಾಕಬೇಕೆಂಬುದು ನಮ್ಮಲ್ಲಿ ನಿಯಮ, ಆದ್ದರಿಂದ ಯಜಮಾನರನ್ನು ಪೇಪರಿನಿಂದ ಎಬ್ಬಿಸಿ ಕರೆತಂದೆವು. ಕಾಯಿ ಸೊಟ್ಟಗಿತ್ತು. ಒಂದು ಮಗ್ಗುಲು ತುಂಬಿಕೊಂಡು, ಇನ್ನೊಂದು ಮಗ್ಗುಲು ಒಳಕ್ಕೆ ಎಳೆದುಕೊಂಡಿತ್ತು. ಇದೇನು ಇದಕ್ಕೂ ಒಂದು ಕಡೆ ಊದಿದೆಯಲ್ಲ, ನಿನ್ನ ಫೋಟೋ ಥರ, ಎಂದು ಅವರು ಮಚ್ಚು ಹಾಕಿದರು. ಅತ್ತೆ ಬೀಜಗಳನ್ನು ತಟ್ಟೆಗೆ ಹಾಕಿಸಿಕೊಂಡು, ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಬೇರೆ ಮಾಡಿದರು. ತುಂಬಿದ ಮಗ್ಗುಲಿನವು ಗಟ್ಟಿ. ಇನ್ನೊಂದು ಮಗ್ಗುಲಿನವೆಲ್ಲ ಜೊಳ್ಳು, ಮೇಲೆ ಸಿಪ್ಪೆ ಒಳಗೆ ಏನೂ ಇಲ್ಲ.

“ಹುಳ ಆಗಿದ್ರೆ ಸುತ್ತ ಮುಟ್ಟಿರೋದು,” ಎಂದರು. “ನೀನು ಹುಳ ಅಲ್ವಲ್ಲ. ಆದಷ್ಟು ಮಾಡ್ದೆ.”

ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದವಳಿಗೆ ಕೊನೆಗೆ ಸರಿಯಾದ ಅಂಕ ಸಿಕ್ಕಿತು. ಬೇಜಾರೇನೂ ಆಗಲಿಲ್ಲ. ಗಟ್ಟಿ ಬೀಜ ಒಂದು ಹಿಡಿ ಇತ್ತು, ವಂಶ ನಿಂತಿತ್ತು. ಅತ್ತೆ ಅರ್ಧವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬೂದಿಯ ಡಬ್ಬಿಗೆ ಇಟ್ಟರು. ಉಳಿದರ್ಧವನ್ನು ನನ್ನ ಕೈಗೆ ಕೊಟ್ಟು, ಬೀದಿಯವರಿಗೆಲ್ಲ ಎರಡೆರಡು ಹಂಚು ಎಂದರು. ಒಂದೇ ಒಂದು ಬಳ್ಳಿಗಾಗಿ ಅಷ್ಟು ದೂರದಿಂದ ಹುಳು ಯಾಕೆ ಬರುತ್ತದೆ, ಅದಕ್ಕೂ ಬರುವ ಖರ್ಚು ಗಿಟ್ಟಬೇಕಲ್ಲ ಎಂಬುದು ಅವರ ವಾದ. ನಾನು ಪಾರ್ಕಿನಲ್ಲಿ ಮುಕ್ಕಾಲು ಗಂಟೆ ಹೇಳಿದ್ದರಲ್ಲಿ ಈ ಮಾತು ಇರಲಿಲ್ಲ.

ಮೊದಲು ಸಿಕ್ಕವರು ಸರೋಜಮ್ಮನೇ. ಗೇಟಿನ ಹತ್ತಿರ ಬೀಜ ಕೊಟ್ಟೆ. ಕಣ್ಣಿಗೊತ್ತಿಕೊಂಡು ಇಸಿದುಕೊಂಡರು. ಮುಖ ಅರಳಿತು.

“ಅಬ್ಬ, ಮುಂದಿನ ಧನುರ್ಮಾಸಕ್ಕೆ ಬೆನಕನ ಹೂವಿಗೆ ಯೋಚನೆ ಇಲ್ಲ ಬಿಡಿ ಟೀಚರ್,” ಎಂದರು.

ನಾನು ಬಾಯಿ ತೆರೆದೆ. ಮೂವತ್ತು ವರ್ಷದ ಪಾಠ ನಾಲಿಗೆಯ ತುದಿಗೆ ಬಂದು ನಿಂತಿತು, ಪುಷ್ಪಪಾತ್ರೆಯಿಂದ ಶುರುಮಾಡಬೇಕೋ ಪರಾಗದಿಂದಲೋ ತಿಳಿಯಲಿಲ್ಲ. ಕೊನೆಗೆ, ಹೂವು ಕೀಳುವುದಾದರೆ ದಯವಿಟ್ಟು ಒಂಬತ್ತು ಗಂಟೆಯ ಮೇಲೆ ಕೀಳಿ ಎಂದಷ್ಟೇ ಹೇಳಿದೆ. ಅವರಿಗೆ ಗಾಬರಿಯಾಯಿತು. ಸೂರ್ಯ ಹುಟ್ಟುವ ಮೊದಲೇ ಬೆನಕನಿಗೆ ಹೂವು ಇಡಬೇಕಲ್ಲವೇ, ಒಂಬತ್ತಕ್ಕೆ ಇಟ್ಟರೆ ನಡೆಯುತ್ತದೆಯೇ ಎಂದು ಕೇಳಿದರು.

ಉತ್ತರ ಬಂದದ್ದು ಹಿಂದಿನಿಂದ, ಬಿಸಿಲಿಗೆ ಹಾಕಿದ ಕುರ್ಚಿಯಿಂದ.

“ಅವನು ಕಾಯ್ತಾನೆ ಕಣವ್ವ. ಹುಳ ಕಾಯಾಕಿಲ್ಲ.”

ಸರೋಜಮ್ಮ ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಎರಡು ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಹೋದರು.